ಮುಟ್ಟಬೇಡಿ ಎನ್ನುವ ಮೊದಲು ವಾರ್ನಿಷ್ ಹಚ್ಚಿ

ಪ್ರದರ್ಶನಗಳಿಗೆ ಹೋದಾಗಲೆಲ್ಲ ನನಗೆ ಸಿಟ್ಟು ಬರಿಸುವ ಒಂದು ವಸ್ತುವಿದೆ. ಅಂಗೈಯಗಲದ ಬೋರ್ಡು. ಅದರ ಮೇಲೆ ‘ದಯವಿಟ್ಟು ಮುಟ್ಟಬೇಡಿ’ ಎಂದು ಬರೆದಿರುತ್ತದೆ. ಸಾವಿರ ವರ್ಷದ ಶಿಲ್ಪದ ಮುಂದೆ ಆ ಬೋರ್ಡು ಇದ್ದರೆ ನನ್ನ ತಕರಾರಿಲ್ಲ. ಸಾವಿರಾರು ಕೈಗಳ ಬೆವರು ಕಲ್ಲನ್ನೂ ಸವೆಸುತ್ತದೆ. ಆದರೆ ಮೊನ್ನೆ ಮೊನ್ನೆ ಮಾಡಿದ ಮಾದರಿಯ ಮುಂದೆ, ಮಕ್ಕಳಿಗೆ ತಿಳಿಯಲಿ ಎಂದೇ ಮಾಡಿದ ಮಾದರಿಯ ಮುಂದೆ ಆ ಬೋರ್ಡು ಯಾಕಿರಬೇಕು? ಬಹಳ ಸಲ ಅದಕ್ಕೆ ಒಂದೇ ಉತ್ತರ. ಮಾಡಿದವರು ಕೊನೆಯ ಕೆಲಸ ಮಾಡಿಲ್ಲ, ವಾರ್ನಿಷ್ ಹಚ್ಚಿಲ್ಲ. ಬಾಕಿ ಉಳಿದ ಆ ಕೆಲಸದ ಹೊರೆಯನ್ನು ನೋಡಲು ಬಂದವರ ಮೇಲೆ ಹೊರಿಸಿದ್ದಾರೆ.

ಇದನ್ನು ಪರರ ಮೇಲಿನ ದೂರು ಎಂದುಕೊಳ್ಳಬೇಡಿ. ನಾನೂ ಅಂಥ ಬೋರ್ಡು ಇಟ್ಟವಳೇ.

ಹಳೇ ಮೈಸೂರು ಸೀಮೆಯ ಕೆರೆಗಳ ನಿರ್ವಹಣೆಯ ಬಗ್ಗೆ ನನ್ನ ಪಿಎಚ್.ಡಿ. ಓದುತ್ತಿರುವುದು ಮಾತ್ರ ಕರಾವಳಿಯಲ್ಲಿ. ಹಾಸ್ಟೆಲ್ಲಿನ ಮೇಜಿನ ಅರ್ಧದಲ್ಲಿ ಕಾಗದಗಳು, ಇನ್ನರ್ಧದಲ್ಲಿ ಬಣ್ಣದ ಡಬ್ಬಿ, ಕುಂಚ, ಬೆರಳುದ್ದವೂ ಇಲ್ಲದ ಗೊಂಬೆಗಳು. ಮಿನಿಯೇಚರ್ ಮಾದರಿಗಳಿಗೆ ಬಣ್ಣ ಹಾಕುವುದು ನನ್ನ ಹವ್ಯಾಸ. ಗೊಂಬೆ ನಿಲ್ಲುವ ಪುಟ್ಟ ತಟ್ಟೆಗೆ ಈ ಹವ್ಯಾಸದವರು ಬೇಸ್ ಎನ್ನುತ್ತಾರೆ. ಇಪ್ಪತ್ತೈದು, ಮೂವತ್ತೆರಡು ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ಕಿನ ಬಿಲ್ಲೆ. ಅದರ ಮೇಲೆ ನೆಲ ಮೂಡಿಸಬೇಕು: ಮಣ್ಣು, ಜಲ್ಲಿ, ಕೆಸರು, ಒಣಗಿ ಬಿರಿದ ಭೂಮಿ. ಒಂದೇ ಗೊಂಬೆಯನ್ನು ಕೆಸರಿನಲ್ಲಿ ನಿಲ್ಲಿಸಿದರೆ ಒಂದು ಕತೆ, ಬಿರುಕುಬಿಟ್ಟ ನೆಲದಲ್ಲಿ ನಿಲ್ಲಿಸಿದರೆ ಇನ್ನೊಂದು. ನಾನು ಬರೆಯುತ್ತಿರುವುದು ಆ ನೆಲದ ಬಗ್ಗೆ, ಆ ನೆಲವನ್ನು ಕಾಯುವ ಕಣ್ಣಿಗೆ ಕಾಣದ ಪದರದ ಬಗ್ಗೆ.

ಈ ಹವ್ಯಾಸದ ತವರು ಇಂಗ್ಲೆಂಡ್. ಅಲ್ಲಿನ ಬ್ರಿಟನ್ಸ್ ಸಂಸ್ಥೆ 1893ರಲ್ಲಿ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಎರಕ ಹೊಯ್ಯಲು ಶುರುಮಾಡಿದ ಮೇಲೆ ಆಟಿಕೆ ಸೈನ್ಯ ಅಗ್ಗವಾಯಿತು. 1913ರಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸ್ ಅಂಥ ಗೊಂಬೆಗಳ ಯುದ್ಧಕ್ಕೆ ನಿಯಮ ಬರೆದು ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನೇ ತಂದ. 1983ರಲ್ಲಿ ‘ವಾರ್‌ಹ್ಯಾಮರ್’ ಬಂದ ಮೇಲೆ ಬಣ್ಣ ಹಾಕುವುದೇ ಒಂದು ಕಲೆಯಾಗಿ ಬೆಳೆಯಿತು. ಈ ಚರಿತ್ರೆಯಲ್ಲಿ ನಾವು ಮರೆಯಬಾರದ ಸಂಗತಿ ಒಂದಿದೆ. ಈ ಗೊಂಬೆಗಳು ಹುಟ್ಟಿದ್ದೇ ಕೈಯಲ್ಲಿ ಹಿಡಿಯಲು, ನೆಲದ ಮೇಲೆ ಸರಿಸಲು, ಬೀಳಿಸಲು, ಮತ್ತೆ ಎತ್ತಿ ನಿಲ್ಲಿಸಲು. ಗಾಜಿನ ಪೆಟ್ಟಿಗೆ ಆಮೇಲೆ ಬಂದದ್ದು.

ಮೊದಮೊದಲು ಬೇಸಿನ ನೆಲ ಎಂದರೆ ಅಂಟು ಸವರಿ ಮರಳು ಉದುರಿಸಿ ಮೇಲೊಂದು ಹಸಿರು ಬಣ್ಣ ಬಳಿಯುವುದು, ಅಷ್ಟೇ. ಈಗ ಡಬ್ಬಿಯಲ್ಲೇ ಸಿದ್ಧ ಪೇಸ್ಟುಗಳು ಸಿಗುತ್ತವೆ. ಅವಕ್ಕೆ ಟೆಕ್ಸ್ಚರ್ ಪೇಂಟ್ ಎನ್ನುತ್ತಾರೆ. ಅಕ್ರಿಲಿಕ್ ಅಂಟಿನಲ್ಲಿ ಮರಳು, ಪ್ಯೂಮಿಸ್ ಕಲ್ಲಿನ ಪುಡಿ ಇಂಥವನ್ನು ಕಲಸಿರುತ್ತಾರೆ. ಸಣ್ಣ ಚಮಚದ ಬೆನ್ನಿನಿಂದ ಸವರಿದರೆ ಸಾಕು, ಒಣಗಿದಾಗ ನೆಲವಾಗುತ್ತದೆ. ಇನ್ನೊಂದು ಜಾತಿಯದು ಬಿರುಕಿನ ಪೇಸ್ಟು. ಒಣಗುತ್ತಾ ಕುಗ್ಗಿ, ಬೇಸಿಗೆಯ ಕೆರೆ ಅಂಗಳದ ಹಾಗೆ ಚಿಪ್ಪು ಚಿಪ್ಪಾಗಿ ಒಡೆಯುತ್ತದೆ. ತೆಳುವಾಗಿ ಬಳಿದರೆ ಸಣ್ಣ ಬಿರುಕು, ದಪ್ಪವಾಗಿ ಬಳಿದರೆ ದೊಡ್ಡ ಬಿರುಕು. ಮೊದಲ ಸಲ ನೋಡಿದಾಗ ನನಗೆ ನಮ್ಮೂರ ಕೆರೆಯೇ ಮೇಜಿನ ಮೇಲೆ ಬಂದು ಕೂತಂತಾಗಿತ್ತು.

ಇವೆರಡೂ ಉದುರುವ ಸ್ವಭಾವದವು. ಕಾರಣ ಸರಳ. ಕಡಲೆಬೀಜ ಜಾಸ್ತಿಯಾಗಿ ಬೆಲ್ಲದ ಪಾಕ ಕಡಿಮೆಯಾದ ಚಿಕ್ಕಿಯನ್ನು ನೆನೆಸಿಕೊಳ್ಳಿ. ಕೈಗೆತ್ತಿಕೊಂಡರೆ ಬೀಜ ಒಂದೊಂದಾಗಿ ಉದುರುತ್ತದೆ. ಟೆಕ್ಸ್ಚರ್ ಪೇಸ್ಟಿನಲ್ಲೂ ಹರಳು ಹೆಚ್ಚು, ಹಿಡಿದಿಡುವ ಅಂಟು ಕಡಿಮೆ. ಹಾಗಿದ್ದರೇ ಅದು ಒರಟಾಗಿ ಕಾಣುವುದು. ಒಂದೊಂದು ಹರಳೂ ಪಕ್ಕದ ಹರಳಿಗೆ ಎರಡು ಮೂರು ಕಡೆ ಮಾತ್ರ ಅಂಟಿಕೊಂಡಿರುತ್ತದೆ. ಬಿರುಕಿನ ಪೇಸ್ಟಿನ ಗತಿ ಇನ್ನೂ ಕಷ್ಟ. ಕುಗ್ಗುವಾಗ ಚಿಪ್ಪಿನ ಅಂಚು ಮೇಲಕ್ಕೆ ಮಡಚಿಕೊಳ್ಳುತ್ತದೆ, ಅಡಿಯ ಹಿಡಿತ ಸಡಿಲವಾಗುತ್ತದೆ. ನಯವಾದ ಪ್ಲಾಸ್ಟಿಕ್ಕಿನ ಮೇಲೆ ನೇರ ಹಚ್ಚಿದರಂತೂ ಉಗುರು ತಾಗಿದರೂ ಎದ್ದುಬರುತ್ತದೆ. ಅಂದರೆ ಕಣ್ಣಿಗೆ ಚೆಂದ ಕಾಣಿಸುವ ಗುಣ ಯಾವುದೋ ಅದೇ ಕೈಗೆ ದುರ್ಬಲ. ಇದು ಗೊತ್ತಿದ್ದೂ ಮೇಲೊಂದು ಕಾವಲು ಪದರ ಕೊಡದೆ ‘ಮುಗಿಯಿತು’ ಎಂದು ಘೋಷಿಸುವುದನ್ನೇ ನಾನು ವಿರೋಧಿಸುತ್ತಿರುವುದು.

ಹಾಗೆ ಘೋಷಿಸುವವರು ಕಡಿಮೆಯಿಲ್ಲ. ಈ ಹವ್ಯಾಸದಲ್ಲಿ ನನಗಿಂತ ಹತ್ತಾರು ವರ್ಷ ಹಿರಿಯರಾದ ಒಬ್ಬರು ನನಗೆ ಹೇಳಿದ್ದು: ‘ಮಣ್ಣಿಗೆ ಪ್ಲಾಸ್ಟಿಕ್ ಹೊದಿಸಬೇಡಮ್ಮ. ಅದು ಉಸಿರಾಡಬೇಕು.’ ನಾನು ನಂಬಿದೆ. ಉಸಿರಾಡುವ ಮಣ್ಣು ಎಂಬ ಮಾತು ಕೇಳಲು ಹಿತವಾಗಿತ್ತು. ಸಾಹಿತ್ಯ ಓದುವವರನ್ನು ಇಂಥ ಮಾತು ಬೇಗ ಬಲೆಗೆ ಬೀಳಿಸುತ್ತದೆ. ಡಬ್ಬಿಯಲ್ಲಿದ್ದದ್ದು ಮಣ್ಣಲ್ಲ, ಅದೂ ಅಕ್ರಿಲಿಕ್ಕೇ, ಅಂದರೆ ಪ್ಲಾಸ್ಟಿಕ್ಕೇ ಎಂಬುದು ಹೊಳೆಯಲೇ ಇಲ್ಲ.

ಎರಡು ವರ್ಷದ ಹಿಂದೆ ಒಂದು ಡಿಸೆಂಬರಿನಲ್ಲಿ ಕೆರೆಯ ಮಾದರಿ ಮಾಡಿದೆ. ಎರಡಡಿ ಉದ್ದ, ಒಂದೂವರೆ ಅಡಿ ಅಗಲ. ಏರಿ, ತೂಬು, ಕೋಡಿ, ಕೆಳಗೆ ಅಚ್ಚುಕಟ್ಟಿನ ಗದ್ದೆ, ತೂಬಿನ ಬಳಿ ಗುದ್ದಲಿ ಹಿಡಿದು ನಿಂತ ನೀರಗಂಟಿ. ಏರಿಗೆ ಒರಟು ಮರಳಿನ ಪೇಸ್ಟು, ಅರ್ಧ ಒಣಗಿದ ಅಂಗಳಕ್ಕೆ ಬಿರುಕಿನ ಪೇಸ್ಟು. ಒಂದು ಕಾಲೇಜಿನ ಪ್ರದರ್ಶನದಲ್ಲಿ ಇಟ್ಟೆ. ಮುಂದೆ ಬೋರ್ಡನ್ನೂ ಇಟ್ಟೆ.

ಎರಡನೇ ದಿನ ಒಂದು ಶಾಲೆಯಿಂದ ಕಣ್ಣು ಕಾಣದ ಮಕ್ಕಳನ್ನು ಕರೆತಂದಿದ್ದರು. ಅವರಲ್ಲಿ ಹತ್ತು ಹನ್ನೊಂದರ ಹುಡುಗನೊಬ್ಬ ಮೇಜಿನ ಅಂಚು ಹಿಡಿದು ನಿಂತ. ಸ್ವಯಂಸೇವಕ ‘ಮುಟ್ಟಬಾರದು’ ಎಂದ. ಆ ಮಾತಿನ ಅಸಂಬದ್ಧತೆ ಆಗ ನನಗೆ ಕೇಳಿಸಿತು. ಮುಟ್ಟದೆ ಅವನು ನೋಡುವುದು ಹೇಗೆ? ನಾನು ಬೋರ್ಡು ಎತ್ತಿಟ್ಟು ಅವನ ಕೈಯನ್ನು ಏರಿಯ ಮೇಲಿಟ್ಟೆ. ಬೆರಳು ಏರಿ ಹತ್ತಿತು, ಇಳಿಯಿತು, ಅಂಗಳಕ್ಕೆ ಬಂತು, ಬಿರುಕಿನ ಮೇಲೆ ನಿಂತಿತು. ‘ಇಲ್ಲಿ ನೀರಿಲ್ಲ ಅಲ್ವಾ ಅಕ್ಕ?’ ಎಂದ. ನೀರಿನ ಬಗ್ಗೆ ನಾನು ಒಂದು ಮಾತೂ ಹೇಳಿರಲಿಲ್ಲ. ಅವನು ಬಿರುಕನ್ನು ಓದಿದ್ದ.

ಆಮೇಲೆ ನಾಲ್ಕೈದು ಚಿಪ್ಪು ಎದ್ದು ಅವನ ಬೆರಳಿಗೆ ಅಂಟಿಕೊಂಡವು. ಅವನು ಥಟ್ಟನೆ ಕೈ ಎಳೆದುಕೊಂಡ. ‘ಅಕ್ಕ, ಹಾಳಾಯ್ತಾ? ನಾನು ಮೆಲ್ಲ ಮುಟ್ಟಿದ್ದು.’ ಜೊತೆಗಿದ್ದ ಟೀಚರ್ ‘ಸಾರಿ ಮೇಡಂ’ ಎಂದರು. ಆ ಇಬ್ಬರಲ್ಲಿ ಯಾರೂ ತಪ್ಪು ಮಾಡಿರಲಿಲ್ಲ. ಮೂವತ್ತು ರೂಪಾಯಿ ಬೆಲೆಯೂ ಆಗದಷ್ಟು ವಾರ್ನಿಷ್ ನಾನು ಹಚ್ಚದೆ ಬಿಟ್ಟಿದ್ದೆ. ಕ್ಷಮೆ ಕೇಳುತ್ತಿದ್ದವರು ಅವರು.

ಇಲ್ಲಿಂದ ಮುಂದೆ ನನ್ನ ವಾದ.

ವಾರ್ನಿಷ್ ಬೇಡ ಎನ್ನುವವರ ಮೊದಲ ಮಾತು: ‘ಅದು ನೋಟ ಕೆಡಿಸುತ್ತದೆ.’ ಇದರಲ್ಲಿ ಅರ್ಧ ಸತ್ಯವಿದೆ. ಹೊಳಪಿನ ವಾರ್ನಿಷ್ ಬಳಿದರೆ ಒಣಮಣ್ಣು ಆಗಷ್ಟೇ ಮಳೆ ಬಂದು ನಿಂತ ಹಾಗೆ ಕಾಣುತ್ತದೆ. ಮ್ಯಾಟ್ ವಾರ್ನಿಷಿನಲ್ಲಿ ಹೊಳಪು ತಗ್ಗಿಸಲು ಸಿಲಿಕಾದಂಥ ನುಣುಪಾದ ಪುಡಿ ಸೇರಿಸಿರುತ್ತಾರೆ. ಬೆಳಕನ್ನು ಚೆದುರಿಸುವುದು ಆ ಪುಡಿಯ ಕೆಲಸ. ದಪ್ಪ ಹಚ್ಚಿದರೆ ಅದೇ ಪುಡಿ ಕಪ್ಪು ಮಣ್ಣಿನ ಮೇಲೆ ಬೂದಿ ಎರಚಿದಂತೆ ಮಂಕು ಕವಿಸುತ್ತದೆ. ಬಿರುಕುಗಳಲ್ಲಿ ನಿಂತುಕೊಂಡರಂತೂ ಬಿಳಿ ಗೆರೆ. ಬಾಟಲಿಯನ್ನು ಸರಿಯಾಗಿ ಕಲಕದೆ ತಳದಲ್ಲಿ ಕೂತ ಪುಡಿಯನ್ನು ಒಂದೇ ಕಡೆ ಬಳಿದವರಿಗೆ ಇದು ಗೊತ್ತಿರುತ್ತದೆ. ಇವೆಲ್ಲ ಹಚ್ಚುವ ಬಗೆಯ ದೋಷ. ಉಪ್ಪು ಜಾಸ್ತಿಯಾದ ಸಾರು ಉಂಡವರು ಉಪ್ಪನ್ನೇ ಬಿಡಿ ಎಂದು ಸಲಹೆ ಕೊಡುವುದಿಲ್ಲ.

ನೋಟದ ಮಾತಿಗೆ ಚರಿತ್ರೆಯಿಂದಲೂ ಸಾಕ್ಷಿ ತರುತ್ತಾರೆ: ರೆಂಬ್ರಾಂಟ್ 1642ರಲ್ಲಿ ಮುಗಿಸಿದ ದೊಡ್ಡ ಚಿತ್ರ. ಮೇಲಿನ ವಾರ್ನಿಷ್ ಕಾಲಕಾಲಕ್ಕೆ ಕಪ್ಪಾಗಿ, ಹಗಲಿನ ದೃಶ್ಯ ರಾತ್ರಿಯ ದೃಶ್ಯವೆಂದು ಜನ ತಿಳಿದು, ‘ನೈಟ್ ವಾಚ್’ ಎಂಬ ಹೆಸರೇ ನಿಂತುಬಿಟ್ಟಿತು. ಎರಡನೇ ಮಹಾಯುದ್ಧದ ನಂತರ ಆ ಕಪ್ಪನ್ನು ತೆಗೆದಾಗಲೇ ಬೆಳಕು ಕಂಡದ್ದು. ‘ನೋಡಿ, ವಾರ್ನಿಷ್ ಮಾಡಿದ ಕೆಲಸ’ ಎನ್ನುತ್ತಾರೆ. ಅದೇ ಚಿತ್ರದ ಇನ್ನೊಂದು ಕತೆಯನ್ನು ಅವರು ಹೇಳುವುದಿಲ್ಲ. 1990ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ಒಬ್ಬ ಅದರ ಮೇಲೆ ಆಸಿಡ್ ಎರಚಿದ. ಕಾವಲುಗಾರರು ಕೂಡಲೇ ನೀರು ಹಾಕಿದರು. ಆಸಿಡ್ ವಾರ್ನಿಷ್ ಪದರದಲ್ಲೇ ನಿಂತಿತು, ಕೆಳಗಿನ ಬಣ್ಣ ಉಳಿಯಿತು. ಕಪ್ಪಾಗುವುದೂ ಅದೇ ಪದರ, ಸುಟ್ಟುಕೊಳ್ಳುವುದೂ ಅದೇ ಪದರ. ಮೊದಲ ಏಟು ತಿನ್ನುವುದೇ ಅದರ ಕೆಲಸ.

ಎರಡನೇ ಮಾತು: ‘ದೊಡ್ಡ ಕಲಾವಿದರೇ ವಾರ್ನಿಷ್ ಬೇಡ ಎಂದಿದ್ದಾರೆ.’ ನಿಜ. ಫ್ರಾನ್ಸಿನ ಇಂಪ್ರೆಷನಿಸ್ಟ್ ಚಿತ್ರಕಾರರಲ್ಲಿ ಹಲವರಿಗೆ ಆ ಹೊಳಪು ಹಿಡಿಸುತ್ತಿರಲಿಲ್ಲ. ಪಿಸ್ಸಾರೊ ತನ್ನ ಒಂದು ಚಿತ್ರದ ಹಿಂಬದಿಯಲ್ಲಿ ಇದಕ್ಕೆ ವಾರ್ನಿಷ್ ಹಾಕಬೇಡಿ ಎಂದು ಬರೆದಿಟ್ಟ. ಆದರೆ ವಾರ್ನಿಷಿನ ಬದಲು ಚಿತ್ರವನ್ನು ಗಾಜಿನ ಹಿಂದೆ ಇಡುವುದು ಅವನಿಗೆ ಒಪ್ಪಿತವಾಗಿತ್ತು. ಅವನ ಲೆಕ್ಕ ಪ್ರಾಮಾಣಿಕವಾದದ್ದು. ವಾರ್ನಿಷ್ ಬೇಡವಾದರೆ ಗಾಜು ಬೇಕು, ಎರಡೂ ಇಲ್ಲದೆ ಆಗದು. ಗೋಡೆಗೆ ನೇತುಹಾಕುವ ಚಿತ್ರಕ್ಕೆ ಆ ಆಯ್ಕೆ ಇದೆ. ಬೆರಳಿನಿಂದ ಓದುವ ಕೆರೆಗೆ ಇಲ್ಲ.

ಮೂರನೇ ಮಾತು ನನಗೆ ಹೆಚ್ಚು ಇಷ್ಟವಾದದ್ದು, ಆದ್ದರಿಂದ ಹೆಚ್ಚು ಅಪಾಯದ್ದು: ‘ಹಾಳಾಗುವುದೂ ಸೌಂದರ್ಯವೇ.’ ನಮ್ಮ ದಸರೆಯ ಗೊಂಬೆ ಹಬ್ಬವನ್ನೇ ನೋಡಿ ಎನ್ನುತ್ತಾರೆ. ಗೊಂಬೆಗಳ ಮುಂದೆ ಮರಳು ಹರಡಿ, ಬಣ್ಣದ ಮರದ ಹೊಟ್ಟು ಉದುರಿಸಿ, ರಾಗಿ ಪೈರು ಬೆಳೆಸಿ ಪುಟ್ಟ ಉದ್ಯಾನ ಮಾಡುವ ಮಕ್ಕಳು ಅದಕ್ಕೆ ಅಂಟು ಹಾಕುವುದಿಲ್ಲ. ಹಬ್ಬ ಮುಗಿದ ಮೇಲೆ ಎಲ್ಲ ಗುಡಿಸುತ್ತಾರೆ, ಮುಂದಿನ ವರ್ಷ ಹೊಸದು. ಒಪ್ಪಿದೆ. ಅಲ್ಲಿ ಹಾಳಾಗುವುದು ಮೊದಲೇ ಗೊತ್ತಿರುವ ಸಂಗತಿ, ಎಲ್ಲರೂ ಒಪ್ಪಿಕೊಂಡದ್ದು. ಪೈರನ್ನು ಮುಟ್ಟಿ ಬೀಳಿಸಿದ ಮಗುವನ್ನು ಅಜ್ಜಿ ಗದರಿದರೂ ಅರ್ಧ ಗಂಟೆಯಲ್ಲಿ ಮತ್ತೆ ನೆಟ್ಟಾಯಿತು. ಆದರೆ ಅದೇ ಮನೆಯಲ್ಲಿ ಪಟ್ಟದ ಗೊಂಬೆಗಳನ್ನು ಬಟ್ಟೆ ಸುತ್ತಿ ಟ್ರಂಕಿನಲ್ಲಿ ಇಡುತ್ತಾರೆ. ವರ್ಷಕ್ಕೊಮ್ಮೆ ಮಾಡುವ ನೆಲ ಯಾವುದು, ತಲೆಮಾರಿಗೆ ಉಳಿಯಬೇಕಾದ ಗೊಂಬೆ ಯಾವುದು ಎಂಬ ವಿವೇಕ ಅಜ್ಜಿಗೆ ಇತ್ತು. ಮೂರು ವಾರ ಕೂತು ಮಾಡಿದ ಬೇಸನ್ನು ‘ಹಾಳಾದರೂ ಚೆಂದ’ ಎನ್ನುವವರು ಅದು ಹಾಳಾದ ದಿನ ಮುಟ್ಟಿದವರ ಮೇಲೆ ರೇಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ತತ್ತ್ವ ಬೋರ್ಡು ಇರುವವರೆಗೆ ಮಾತ್ರ.

ಸೋಮಾರಿತನವನ್ನು ಬೈದು ಸುಮ್ಮನಾದರೆ ಅನ್ಯಾಯವಾಗುತ್ತದೆ. ವಾರ್ನಿಷ್ ಹಚ್ಚಿ ಕೆಟ್ಟವರೂ ಇದ್ದಾರೆ. ಅವರಲ್ಲಿ ನಾನೂ ಒಬ್ಬಳು.

ಪ್ರದರ್ಶನದ ನಂತರ ಮಾದರಿಯನ್ನು ಸರಿಪಡಿಸಿ, ಜೂನ್ ತಿಂಗಳಲ್ಲಿ ಒಂದು ಸಂಜೆ, ಸ್ಪ್ರೇ ವಾರ್ನಿಷ್ ಹಿಡಿದು ಹಾಸ್ಟೆಲ್ಲಿನ ಟೆರೇಸಿಗೆ ಹೋದೆ. ಮಳೆ ನಿಂತಿತ್ತು. ಸಿಂಪಡಿಸಿ ಹತ್ತು ನಿಮಿಷದಲ್ಲಿ ಇಡೀ ಕೆರೆ ಬೆಳ್ಳಗಾಯಿತು. ಏರಿಯ ಮೇಲೆ ಹಿಮ ಬಿದ್ದಂತೆ. ನೀರಗಂಟಿಯ ಮುಖವೂ ಬಿಳಿ. ರೂಮ್‌ಮೇಟ್ ಬಂದು ನೋಡಿ, ‘ಎಂತ ಮಾರಾಯ್ತಿ, ನಿಮ್ಮ ತುಮಕೂರಲ್ಲಿ ಹಿಮ ಬೀಳ್ತದಾ?’ ಎಂದಳು. ಅವಳು ರಸಾಯನಶಾಸ್ತ್ರದವಳು. ನಕ್ಕು ಮುಗಿದ ಮೇಲೆ ವಿವರಿಸಿದಳು. ಸ್ಪ್ರೇಯಲ್ಲಿರುವ ದ್ರಾವಕ ಸರ್ರನೆ ಆವಿಯಾಗುವಾಗ ಮೇಲ್ಮೈಯ ಶಾಖವನ್ನು ಹೀರಿಕೊಳ್ಳುತ್ತದೆ, ಮೇಲ್ಮೈ ತಣ್ಣಗಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹೊರಗೆ ನೀರು ಕಟ್ಟುವ ಹಾಗೆ ಗಾಳಿಯ ತೇವ ಆ ತಣ್ಣನೆಯ ಪದರದಲ್ಲಿ ಸಿಕ್ಕಿಕೊಳ್ಳುತ್ತದೆ. ಅದೇ ಆ ಬಿಳಿ. ‘ಈ ಗಾಳಿಯಲ್ಲಿ ಬಟ್ಟೆ ನಾಲ್ಕು ದಿನ ಒಣಗುವುದಿಲ್ಲ, ನಿನ್ನ ವಾರ್ನಿಷ್ ಒಣಗ್ತದಾ?’ ಎಂದಳು.

ಡಬ್ಬಿಯ ಮೇಲೆ ಎಚ್ಚರಿಕೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿತ್ತು. ನಾನು ಓದಿದ್ದ, ಕೇಳಿದ್ದ ಸಲಹೆಗಳೆಲ್ಲ ಬೇರೆ ಹವೆಯ ದೇಶಗಳವು. ಒಣಗಿದ ಕೋಣೆಯಲ್ಲಿ ಕೂತವರು ಎರಡು ಸುತ್ತು ಸಿಂಪಡಿಸಿ ಎನ್ನುತ್ತಾರೆ; ಜುಲೈಯ ಮಂಗಳೂರಿಗೆ ಅದು ಹೊಂದುವುದಿಲ್ಲ. ಹೊರಗಿನ ಜ್ಞಾನವನ್ನು ತರಬಾರದು ಎಂದಲ್ಲ. ತಂದ ಮೇಲೆ ನಮ್ಮ ಗಾಳಿಯಲ್ಲಿ ಒಣಗಿಸಿ ನೋಡಬೇಕು, ನೋಡಿದ್ದನ್ನು ನಮ್ಮ ಭಾಷೆಯಲ್ಲಿ ಬರೆದಿಡಬೇಕು. ಅದಕ್ಕೇ ಈಗ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ಸಾಹಿತ್ಯ ಪತ್ರಿಕೆಯಲ್ಲಿ ಇದೇನು ಎಂದು ಮುಖ ಸಿಂಡರಿಸಬೇಡಿ. ಕನ್ನಡದಲ್ಲಿ ಕೆಲಸದ ಮಾತು ಬರೆಯುವುದೂ ಕನ್ನಡದ ಕೆಲಸವೇ.

ಮೊದಲನೆಯದು, ಕಾವಲು ಮೇಲಿನಿಂದ ಶುರುವಾಗುವುದಿಲ್ಲ, ಅಡಿಯಿಂದ ಶುರುವಾಗುತ್ತದೆ. ಪ್ಲಾಸ್ಟಿಕ್ ಬೇಸನ್ನು ಮರಳುಕಾಗದದಿಂದ ಗೀರಿ, ಪ್ರೈಮರ್ ಹಚ್ಚಿ, ಆಮೇಲೆ ಪೇಸ್ಟು ಬಳಿಯಬೇಕು. ಬಿರುಕಿನ ಪೇಸ್ಟಿಗಾದರೆ ಅಡಿಯಲ್ಲಿ ಒಂದು ತೆಳು ಅಂಟಿನ ಪದರ ಬೇಕು. ಪೇಸ್ಟನ್ನು ಒಂದಿಡೀ ದಿನ ಒಣಗಲು ಬಿಡಬೇಕು, ಮಳೆಗಾಲದಲ್ಲಿ ಎರಡು ದಿನ. ಮೇಲೆ ಒಣಗಿ ಒಳಗೆ ಹಸಿಯಿರುವಾಗ ಮುಚ್ಚಿದರೆ ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲ. ಇಟಲಿಯ ಚೆನ್ನಿನೊ ಚೆನ್ನಿನಿ ಎಂಬ ಚಿತ್ರಕಾರ 1400ರ ಸುಮಾರಿಗೆ ಬರೆದ ಕೈಪಿಡಿಯಲ್ಲಿ ಚಿತ್ರ ಮುಗಿಸಿ ಕನಿಷ್ಠ ಒಂದು ವರ್ಷವಾದರೂ ಕಾದು ವಾರ್ನಿಷ್ ಹಚ್ಚಿ ಎಂದಿದ್ದಾನೆ. ಅವನ ಬಣ್ಣ ಬೇರೆ, ನಮ್ಮದು ಬೇರೆ. ಆದರೂ ಎರಡು ದಿನ ಕಾಯಲಾರೆ ಎನ್ನುವವರು ಅವನನ್ನು ನೆನೆಸಿಕೊಳ್ಳಬಹುದು.

ಎರಡನೆಯದು, ಹರಳುಗಳ ಸಂದಿಗೆ ಇಳಿಯುವ ತೆಳು ದ್ರವ. ನೀರು ಬೆರೆಸಿದ ಅಕ್ರಿಲಿಕ್ ಮೀಡಿಯಮ್ಮನ್ನು ಕುಂಚದ ತುದಿಯಿಂದ ಮುಟ್ಟಿಸಿದರೆ ಅದು ತಾನಾಗಿ ಒಳಗೆ ಹರಡಿಕೊಳ್ಳಬೇಕು. ಹರಡದೆ ಹನಿಯಾಗಿ ನಿಂತರೆ ಪಾತ್ರೆ ತೊಳೆಯುವ ಸೋಪಿನ ಒಂದೇ ಒಂದು ತೊಟ್ಟು ಸೇರಿಸಿ. ಪುಟಾಣಿ ರೈಲು ಮಾದರಿ ಮಾಡುವವರು ಹಳಿಯ ನಡುವಿನ ಜಲ್ಲಿಯನ್ನು ಅಂಟಿಸುವ ಉಪಾಯ ಇದು. ಅವರು ಬಿಳಿ ಅಂಟಿಗೆ ಅಷ್ಟೇ ನೀರು ಬೆರೆಸುತ್ತಾರೆ. ನಮ್ಮ ಕರಾವಳಿಯಲ್ಲಿ ಬರೀ ಬಡಗಿಗಳ ಬಿಳಿ ಅಂಟನ್ನು ನಂಬಬೇಡಿ, ತೇವಕ್ಕೆ ಅದು ಮೆತ್ತಗಾಗುತ್ತದೆ. ಅಕ್ರಿಲಿಕ್ಕಿನ ಅಂಟು ಒಮ್ಮೆ ಒಣಗಿದರೆ ನೀರಿಗೆ ಜಗ್ಗುವುದಿಲ್ಲ.

ಮೂರನೆಯದು, ಬಣ್ಣ ಹಾಕಿ ಡ್ರೈಬ್ರಷ್ ಮುಗಿದ ಮೇಲಿನ ಪದರಗಳು. ಮೊದಲು ಹೊಳಪಿನ ವಾರ್ನಿಷ್ ತೆಳುವಾಗಿ, ಯಾಕೆಂದರೆ ಪುಡಿ ಬೆರೆಸದ ಪದರವೇ ಗಟ್ಟಿ. ಅದು ಒಣಗಿದ ಮೇಲೆ ಮ್ಯಾಟ್ ವಾರ್ನಿಷ್, ಅದೂ ತೆಳುವಾಗಿ, ಹೊಳಪು ಅಡಗುವಷ್ಟು ಮಾತ್ರ. ಗಟ್ಟಿತನಕ್ಕೆ ಒಂದು, ನೋಟಕ್ಕೆ ಒಂದು. ಮಳೆಗಾಲದಲ್ಲಿ ಸ್ಪ್ರೇ ಬಿಟ್ಟು ಕುಂಚದಿಂದ ಹಚ್ಚಿ. ಸ್ಪ್ರೇಯೇ ಆಗಬೇಕಾದರೆ ಒಣ ದಿನ ನೋಡಿ, ಮುಖವಾಡ ಹಾಕಿ, ಗಾಳಿಯಾಡುವ ಕಡೆ. ಒಣಹುಲ್ಲಿನ ಎಳೆ, ಧೂಳಿನ ಪುಡಿ, ನೀರಿನ ಹೊಳಪು ಇವು ಎಲ್ಲಕ್ಕಿಂತ ಕೊನೆಗೆ. ಮ್ಯಾಟ್ ಅವುಗಳ ಜೀವ ತೆಗೆಯುತ್ತದೆ. ಇಷ್ಟನ್ನೂ ಮೊದಲು ಒಂದು ಕೆಟ್ಟ ಬೇಸಿನ ಮೇಲೆ ಮಾಡಿ ನೋಡಿ. ಮ್ಯೂಸಿಯಮ್ಮಿನವರು ತೆಗೆಯಲು ಬರುವ ವಾರ್ನಿಷನ್ನೇ ಹುಡುಕುತ್ತಾರೆ. ನಮ್ಮ ಅಕ್ರಿಲಿಕ್ ಬಣ್ಣದ ಮೇಲಿನ ಅಕ್ರಿಲಿಕ್ ವಾರ್ನಿಷನ್ನು ಬಣ್ಣಕ್ಕೆ ನೋವಾಗದಂತೆ ತೆಗೆಯುವುದು ಕಷ್ಟ. ಹಚ್ಚಿದರೆ ಹಚ್ಚಿದಂತೆಯೇ.

ಇದರಲ್ಲಿ ಯಾವುದೂ ಪ್ರತಿಭೆಯ ಕೆಲಸವಲ್ಲ, ಕಾಯುವ ಕೆಲಸ. ಅದಕ್ಕೇ ಇದಕ್ಕೆ ಮರ್ಯಾದೆ ಕಡಿಮೆ. ಬೇಸಿನ ಫೋಟೋ ತೆಗೆದಾಗ ವಾರ್ನಿಷ್ ಕಾಣುವುದಿಲ್ಲ, ಮೆಚ್ಚುಗೆ ಬರುವುದಿಲ್ಲ. ನನ್ನ ಅನುಮಾನವೇನೆಂದರೆ ‘ಉಸಿರಾಡುವ ಮಣ್ಣು’ ಮುಂತಾದ ಸಿದ್ಧಾಂತಗಳೆಲ್ಲ ಹುಟ್ಟುವುದು ಇಲ್ಲೇ. ಮೆಚ್ಚುಗೆ ಸಿಗದ ಕೆಲಸವನ್ನು ಬಿಡಲು ಒಂದು ಸುಂದರ ಕಾರಣ ಬೇಕಲ್ಲ.

ಚನ್ನಪಟ್ಟಣದ ಗೊಂಬೆ ಮಾಡುವವರಿಗೆ ಇಂಥ ಸಿದ್ಧಾಂತದ ಅಗತ್ಯ ಬಿದ್ದಿಲ್ಲ. ಹಾಲೆ ಮರದ ತುಂಡು ಚರಕಿಯಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಆಮೇಲೆ ಗರಿಯಿಂದ ಉಜ್ಜಿ ನಯ ಮಾಡುತ್ತಾರೆ. ಅಲ್ಲಿ ಬಣ್ಣವೇ ಕಾವಲು, ಕಾವಲೇ ಬಣ್ಣ. ಮಗು ಅದನ್ನು ಹಿಡಿಯುತ್ತದೆ, ಎಸೆಯುತ್ತದೆ, ಬಾಯಿಗೂ ಹಾಕಿಕೊಳ್ಳುತ್ತದೆ ಎಂದು ಮಾಡುವವರಿಗೆ ಮೊದಲೇ ಗೊತ್ತು. ಬಳಸುವವರ ಕೈ ಅವರ ಲೆಕ್ಕದಲ್ಲಿ ಮೊದಲಿನಿಂದಲೂ ಇದೆ. ನಮ್ಮ ಮೇಜಿನ ಕಲೆಯಲ್ಲಿ ಆ ಕೈ ಬರುವುದೇ ಕೊನೆಗೆ, ಅದೂ ಅಪರಾಧಿಯಾಗಿ.

ಮುಟ್ಟಬೇಡಿ ಎಂಬ ಮಾತು ನಮ್ಮ ನಾಡಿನಲ್ಲಿ ಬರೀ ಪ್ರದರ್ಶನದ ಮಾತಾಗಿ ಉಳಿದಿಲ್ಲ. ಕೆರೆಯನ್ನೇ ಮುಟ್ಟಬಾರದು ಎಂದು ಯಾರಿಗೆ ಯಾರು ಹೇಳಿದ್ದರು ಎಂಬುದು ನನ್ನ ಸಂಶೋಧನೆಯ ಕಾಗದಗಳ ನಡುವೆಯೂ ಇಣುಕುವ ಪ್ರಶ್ನೆ. ಏರಿ ಕಟ್ಟಿದ ಕೈಗಳಿಗೂ ನೀರು ಮುಟ್ಟಿದ ಕೈಗಳಿಗೂ ಎಷ್ಟೋ ಊರುಗಳಲ್ಲಿ ಸಂಬಂಧವಿರಲಿಲ್ಲ. ಒಂದು ಬೋರ್ಡಿಗೂ ಆ ಕ್ರೌರ್ಯಕ್ಕೂ ಹೋಲಿಕೆ ಮಾಡಿ ನಾನು ಅದನ್ನು ಹಗುರ ಮಾಡಲಾರೆ. ಆದರೆ ಕೆರೆಯ ಮಾದರಿಯ ಮುಂದೆಯೇ ಆ ಎರಡು ಪದ ಬರೆದಿಟ್ಟೆನಲ್ಲ, ಇಟ್ಟಾಗ ಏನೂ ಅನಿಸಲಿಲ್ಲವಲ್ಲ, ಅದು ನನ್ನನ್ನು ಇನ್ನೂ ಚುಚ್ಚುತ್ತದೆ.

ಕೊನೆಗೆ ಉಳಿದವರು ನನ್ನ ಸಾಹಿತ್ಯದ ಗೆಳೆಯರು. ‘ಜಗತ್ತು ಹೀಗಿರುವಾಗ ನೀನು ಆಟಿಕೆಯ ಮಣ್ಣಿಗೆ ವಾರ್ನಿಷ್ ಹಚ್ಚುವ ಬಗ್ಗೆ ಜಗಳ ಆಡ್ತೀಯಾ?’ ಎನ್ನುತ್ತಾರೆ. ಆಡುತ್ತೇನೆ. ನಾವು ಓದುಗರ ಬಗ್ಗೆ ಎಷ್ಟೆಲ್ಲ ಸೆಮಿನಾರು ಮಾಡುತ್ತೇವೆ. ಓದುಗರು ಪಠ್ಯವನ್ನು ಮುಟ್ಟಿದರೆ ಉದುರುವ ಹಾಗೆ ಬರೆದು, ಆಮೇಲೆ ಅವರಿಗೆ ಸಂಸ್ಕಾರವಿಲ್ಲ ಎನ್ನುವುದೂ ಒಂದು ಬಗೆಯ ಬೋರ್ಡೇ. ನನ್ನ ಪ್ರಬಂಧದ ಎರಡನೇ ಅಧ್ಯಾಯವನ್ನು ನಮ್ಮೂರಿನ ಒಬ್ಬ ನೀರಗಂಟಿ ಕುಟುಂಬದವರಿಗೆ ಓದಿ ಹೇಳಲು ಹೋಗಿ ಎರಡು ಪುಟಕ್ಕೆ ನಿಲ್ಲಿಸಿದವಳು ನಾನು. ಅದು ಅವರ ತಪ್ಪಾಗಿರಲಿಲ್ಲ.

ಹಿಮ ಬಿದ್ದ ಕೆರೆಯನ್ನು ಬಿಸಾಡಲಿಲ್ಲ. ಒಣ ದಿನ ನೋಡಿ ಕುಂಚದಿಂದ ಹೊಳಪಿನ ವಾರ್ನಿಷ್ ಹಚ್ಚಿದಾಗ ಬಿಳಿ ಬಹುಪಾಲು ಮಾಯವಾಯಿತು. ಅಂಗಳದ ಚಿಪ್ಪುಗಳನ್ನು ಮಾತ್ರ ಕೆರೆದು ತೆಗೆದು, ಅಡಿಯಿಂದ ಹೊಸದಾಗಿ ಮಾಡಿದೆ. ಮೇಲೆ ಮ್ಯಾಟ್. ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿದೆ. ಬಿರುಕು ಬಿರುಕಾಗಿಯೇ ತಾಗಬೇಕು, ಏರಿಯ ಮರಳು ಮರಳಾಗಿಯೇ ತಾಗಬೇಕು. ಒಂದು ಕಡೆ ವಾರ್ನಿಷ್ ನಿಂತು ನುಣುಪಾಗಿತ್ತು, ಅಲ್ಲಿ ಮತ್ತೆ ಮಾಡಿದೆ. ಕಣ್ಣಿಗೆ ಅದು ಗೊತ್ತೇ ಆಗುತ್ತಿರಲಿಲ್ಲ.

ಈಗ ಅದು ಆ ಮಕ್ಕಳ ಶಾಲೆಯಲ್ಲಿದೆ, ತೆರೆದ ಮೇಜಿನ ಮೇಲೆ, ಬೋರ್ಡಿಲ್ಲದೆ. ಕಳೆದ ತಿಂಗಳು ಹೋಗಿ ನೋಡಿದೆ. ಏರಿಯ ಮೇಲಿನ ಅಂಚು ಸವೆದು ಮಿರುಗುತ್ತಿತ್ತು, ಅಷ್ಟು ಬೆರಳುಗಳು ಅಲ್ಲಿ ನಡೆದಿವೆ. ಮ್ಯಾಟ್ ಹೋಗಿ ಹೊಳಪಿನ ಪದರ ಕಾಣುತ್ತಿತ್ತು, ಅದರ ಕೆಳಗಿನ ಬಣ್ಣ ಇದ್ದ ಹಾಗೇ ಇತ್ತು. ಎಲ್ಲಕ್ಕಿಂತ ಹೆಚ್ಚು ಸವೆದಿದ್ದದ್ದು ತೂಬು. ನೀರು ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಪ್ರತಿಯೊಬ್ಬರೂ ಹುಡುಕುತ್ತಾರಂತೆ. ಮುಂದಿನ ಡಿಸೆಂಬರಿನಲ್ಲಿ, ಗಾಳಿ ಒಣಗಿದ ಮೇಲೆ, ಬಂದು ಇನ್ನೊಂದು ಪದರ ಹಚ್ಚಿ ಹೋಗುತ್ತೇನೆ ಎಂದು ಟೀಚರಿಗೆ ಹೇಳಿ ಬಂದಿದ್ದೇನೆ.